ಡಬ್ಬ ಮಲಗಿದೆ ಅಂದುಕೊಂಡಿದ್ದೆ, ಸತ್ತೇ ಹೋಗಿತ್ತು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಮಣ್ಣಿನ ತೇವ ಅಳೆದು ಅರ್ಧ ಗಂಟೆಗೊಮ್ಮೆ ಕಳಿಸುವ ಡಬ್ಬಗಳನ್ನು ಮಾಡುತ್ತೇವೆ. ಮೊದಲ ಡಬ್ಬ ಇಟ್ಟಿದ್ದು ಮದ್ದೂರು ಹತ್ತಿರದ ಒಂದು ಕಬ್ಬಿನ ಗದ್ದೆಯಲ್ಲಿ.

ಅಳತೆಯನ್ನು ಕಳಿಸುವ ರೇಡಿಯೋ ಮಾಡ್ಯೂಲ್ ಆರಿಸುವಾಗ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಗದ್ದೆಯಲ್ಲಿ ವೈಫೈ ಎಲ್ಲಿಂದ ಬರಬೇಕು? 2ಜಿ ಮಾಡ್ಯೂಲ್ ಕಳಿಸುವ ಕ್ಷಣದಲ್ಲಿ 2 ಆಂಪ್‌ವರೆಗೂ ಎಳೆಯುತ್ತದೆ, ಸಣ್ಣ ಸೆಲ್ ಅಲ್ಲೇ ಕುಸಿಯುತ್ತದೆ. ಉಳಿದಿದ್ದು ಲೋರಾ, ಕಮ್ಮಿ ಕರೆಂಟಿನಲ್ಲಿ ಸಣ್ಣ ಸಂದೇಶವನ್ನು ದೂರ ಕಳಿಸುವ ರೇಡಿಯೋ. ನಮ್ಮ ದೇಶದಲ್ಲಿ ಅದು ಬಳಸುವ 865ರಿಂದ 868 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ಲೋರಾದ ಎಸ್‌ಎಕ್ಸ್1276 ಚಿಪ್‌ನ ಡೇಟಾಶೀಟ್ ನೋಡಿದರೆ, ಕೆಲಸವಿಲ್ಲದೆ ಮಲಗಿದಾಗ ಬರೀ 0.2 ಮೈಕ್ರೋಆಂಪ್. ಖುಷಿಯಾಯಿತು. ಆ ಚಿಪ್ ಇರುವ ರೆಡಿಮೇಡ್ ಬೋರ್ಡ್ ತರಿಸಿ, 2600 ಎಂಎಎಚ್ (ಮಿಲಿಆಂಪ್-ಗಂಟೆ) ಸೆಲ್ ಹಾಕಿ, ‘ವರ್ಷ ಓಡುತ್ತೆ ಗೌಡ್ರೇ’ ಅಂತ ಗದ್ದೆ ಯಜಮಾನರಿಗೆ ಹೇಳಿ ಬಂದೆ.

ಎರಡು ವಾರಕ್ಕೆ ಫೋನ್ ಬಂತು. ‘ಏನ್ ಸಾ, ಡಬ್ಬ ನಿದ್ದೆ ಮಾಡ್ತದೆ ಅಂದ್ರಿ, ಇದು ಸತ್ತೇ ಹೋಗೈತಲ್ಲ!’

ವಾಪಸ್ ತಂದು ಸೆಲ್ಲಿನ ವೈರ್ ಮಧ್ಯೆ ಮಲ್ಟಿಮೀಟರ್ ಸೇರಿಸಿದೆ. ಮೊದಲು ಮೈಕ್ರೋಆಂಪ್ ರೇಂಜ್‌ನಲ್ಲಿಟ್ಟೆ. ಬೋರ್ಡ್ ಎದ್ದಾಗಲೆಲ್ಲ ರೀಸೆಟ್ ಆಗುತ್ತಿತ್ತು, ಮೀಟರ್ ಒಳಗಿನ ರೆಸಿಸ್ಟರ್‌ನಲ್ಲೇ ವೋಲ್ಟೇಜ್ ಬಿದ್ದು ಹೋಗುತ್ತಿತ್ತು. ಮಿಲಿಆಂಪ್ ರೇಂಜ್‌ಗೆ ಬದಲಿಸಿ, ಮಲಗುವವರೆಗೆ ಕಾದೆ. 6.5 ಮಿಲಿಆಂಪ್! ಚಿಪ್ ಪಾಪ ಮಲಗಿಯೇ ಇತ್ತು. ಪಕ್ಕದಲ್ಲಿ ಸೆಲ್ಲಿನ ವೋಲ್ಟೇಜನ್ನು ಚಿಪ್ಪಿಗೆ ಬೇಕಾದಷ್ಟಕ್ಕೆ ಇಳಿಸಿಕೊಡುವ ಎಎಂಎಸ್1117 ರೆಗ್ಯುಲೇಟರ್ ಸುಮ್ನೆ ಕೂತು 5 ಮಿಲಿಆಂಪ್ ಕುಡಿಯುತ್ತಿತ್ತು. ಮಿಕ್ಕಿದ್ದು ಕೆಂಪು ಎಲ್‌ಇಡಿ ಮತ್ತು ಯುಎಸ್‌ಬಿ ಚಿಪ್. ದಿನಕ್ಕೆ 156 ಎಂಎಎಚ್, ಅಂದರೆ ಲೆಕ್ಕಕ್ಕೆ 16 ದಿನ. ಸೆಲ್ ವೋಲ್ಟೇಜ್ ಸ್ವಲ್ಪ ಇಳಿದರೂ ಆ ರೆಗ್ಯುಲೇಟರ್‌ಗೆ ಸಾಲದು, ಹಾಗಾಗಿ ಇನ್ನೂ ಬೇಗ ಮುಗಿಯಿತು. ನಾನು ಓದಿದ್ದು ಚಿಪ್ಪಿನ ಜಾತಕ, ಮದುವೆಯಾಗಿದ್ದು ಬೋರ್ಡಿನ ಜೊತೆ.

ಬರೀ ಮಾಡ್ಯೂಲ್ ತರಿಸಿ ನಮ್ಮದೇ ಬೋರ್ಡ್ ಮಾಡಿದೆವು. ಎಂಸಿಪಿ1700 ರೆಗ್ಯುಲೇಟರ್ ಹಾಕಿದೆವು, ಅದು ತನಗೆ ಅಂತ ತಗೊಳ್ಳುವುದು 2 ಮೈಕ್ರೋಆಂಪ್‌ಗಿಂತ ಕಮ್ಮಿ. ಸೆನ್ಸರ್‌ಗೆ ಅಳೆಯುವಾಗ ಮಾತ್ರ ಕರೆಂಟ್. ಮಲಗಿದಾಗ ಒಟ್ಟು 25 ಮೈಕ್ರೋಆಂಪ್‌ಗೆ ಇಳಿಯಿತು, ದಿನಕ್ಕೆ 0.6 ಎಂಎಎಚ್.

ಇಷ್ಟಾದರೂ ಮಳೆಗಾಲ ಕಳೆದ ಮೇಲೆ ಸೆಲ್ ಮತ್ತೆ ಬೇಗ ಇಳಿಯತೊಡಗಿತು. ಈ ಸಲ ತಪ್ಪು ಬೋರ್ಡಿನದ್ದಲ್ಲ, ಕಬ್ಬಿನದ್ದು. ನಾವು ಇಟ್ಟಾಗ ಕಬ್ಬು ಮೊಣಕಾಲುದ್ದ, ಆಂಟೆನಾ ಎದೆಮಟ್ಟ. ಈಗ ಕಬ್ಬು ತಲೆಗಿಂತ ಮೇಲೆ. ನೀರು ತುಂಬಿದ ಹಸಿ ಎಲೆ ಸಿಗ್ನಲ್ ನುಂಗುತ್ತದೆ. ಊರಿನ ತಾರಸಿ ಮೇಲೆ ಸಂದೇಶ ಹಿಡಿಯುವ ಗೇಟ್‌ವೇಗೆ ಕೇಳಿಸಲಿ ಅಂತ ಡಬ್ಬ ಸ್ಪ್ರೆಡಿಂಗ್ ಫ್ಯಾಕ್ಟರನ್ನು (ಜಾಸ್ತಿಯಾದಷ್ಟೂ ನಿಧಾನ, ಆದರೆ ದೂರಕ್ಕೆ ಕೇಳಿಸುತ್ತದೆ) 7ರಿಂದ 12ಕ್ಕೆ ಏರಿಸಿಕೊಂಡಿತ್ತು. ಅದೇ ನಾಲ್ಕು ಅಂಕಿ ಕಳಿಸಲು 20 ಪಟ್ಟು ಹೊತ್ತು, ಅಷ್ಟೂ ಹೊತ್ತು 120 ಮಿಲಿಆಂಪ್. ದಿನವೆಲ್ಲ ಮಲಗುವುದಕ್ಕಿಂತ ಮಾತಾಡುವುದಕ್ಕೇ ಮೂರು ಪಟ್ಟು ಜಾಸ್ತಿ ಖರ್ಚು. ಪವರ್ ಜಾಸ್ತಿ ಇರುವ ಮಾಡ್ಯೂಲ್ ಹಾಕೋಣ ಅಂತ ನಮ್ಮ ಹುಡುಗ ಹೇಳಿದ. ನಾನು ಬೇಡ ಅಂದೆ. ಬೋರ್‌ವೆಲ್‌ದು ಹಳೇ ಪೈಪೊಂದು ಬಿದ್ದಿತ್ತು, 12 ಅಡಿ. ಅದನ್ನೇ ನೆಟ್ಟು ಆಂಟೆನಾ ಮೇಲೆ ಕಟ್ಟಿದೆವು. ಮರುದಿನವೇ ಫ್ಯಾಕ್ಟರ್ 7ಕ್ಕೆ ಇಳಿಯಿತು.

ಮೊನ್ನೆ ಕಬ್ಬು ಕಡಿದರು. ಬಯಲಲ್ಲಿ ಪೈಪ್ ಒಂದೇ ನಿಂತಿದೆ. ಗೌಡ್ರು ಅದಕ್ಕೆ ಟವೆಲ್ ನೇತುಹಾಕುತ್ತಾರೆ. ಸಿಗ್ನಲ್ ಏನೂ ಕಮ್ಮಿಯಾಗಿಲ್ಲ, ನೋಡಿದೆ.