ಹಲ್ಲಿನ ಕಲೆಗೆಲ್ಲ ಬೋರ್‌ವೆಲ್ ಹೊಣೆಯಲ್ಲ

ಮಗುವಿನ ಹಲ್ಲಲ್ಲಿ ಕಲೆ ಕಂಡರೆ ಬೆಂಗಳೂರಲ್ಲಿ ಮೊದಲು ಬೈಸಿಕೊಳ್ಳುವುದು ಟ್ಯಾಂಕರ್ ನೀರು. ಕೋಲಾರ, ಪಾವಗಡದ ಕಡೆ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದು ಬೆಳೆದ ಮಕ್ಕಳಾದರೆ ಆ ಅನುಮಾನ ಸರಿಯೇ. ಆದರೆ ಹುಟ್ಟಿದಾಗಿನಿಂದ ಕಾವೇರಿ ನೀರನ್ನೇ ಕುಡಿದ ಮಗುವಿನ ದವಡೆ ಹಲ್ಲಲ್ಲೂ ಹಳದಿ ಕಲೆ ಇರುತ್ತದಲ್ಲ? ಡೆಂಟಿಸ್ಟ್ ಚೀಟಿಯಲ್ಲಿ ಅದಕ್ಕೆ ‘ಎಂಐಎಚ್’ ಎಂದು ಬರೆದಿರುತ್ತಾರೆ. ಹುಟ್ಟಿನಿಂದ ಸುಮಾರು ಮೂರು ವರ್ಷದೊಳಗೆ ಎನಾಮಲ್ (ಹಲ್ಲಿನ ಹೊರಪದರ) ಗಟ್ಟಿಯಾಗುವಾಗ ಖನಿಜ ಸಾಲದೆ ಮೆತ್ತಗೆ ಉಳಿದ ಹಲ್ಲು ಅದು. ಒಂದೇ ಕಾರಣಕ್ಕೆ ಬೊಟ್ಟು ಮಾಡಲಾಗದು. ತಾಯಿ ಕ್ಯಾಲ್ಸಿಯಂ ಮಾತ್ರೆ ನುಂಗಲಿಲ್ಲ ಎಂದು ದೂರುವುದಂತೂ ಬೇಡ.

ಹತ್ತಿಯಿಂದ ಹಲ್ಲು ಒರೆಸಿ ಬೆಳಕಲ್ಲಿ ನೋಡಿ. ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬಂದ ಕಲೆ ಆದರೆ ಎಡಕ್ಕೂ ಬಲಕ್ಕೂ ಒಂದೇ ತರ, ಹಲ್ಲಿಗೆ ಅಡ್ಡಡ್ಡ ಬಿಳಿ ಗೆರೆ, ಅಂಚು ಮಸುಕು. ಎಂಐಎಚ್ ಕಲೆಗೆ ಅಂಚು ಕತ್ತರಿಸಿಟ್ಟಂತೆ ಸ್ಪಷ್ಟ. ಬಣ್ಣ ಕೆನೆ, ಹಳದಿ ಅಥವಾ ಕಂದು. ಬಲ ದವಡೆಯಲ್ಲಿದ್ದು ಎಡದಲ್ಲಿ ಇಲ್ಲದೆಯೂ ಇರಬಹುದು.

ಎಂಐಎಚ್ ಹೆಚ್ಚಾಗಿ ಕಾಡುವುದು ಆರನೇ ವರ್ಷದಲ್ಲಿ ಹುಟ್ಟುವ ದವಡೆ ಹಲ್ಲನ್ನು. ಯಾವ ಹಲ್ಲೂ ಬೀಳದೆ ಹಿಂದೆ ಸದ್ದಿಲ್ಲದೆ ಹುಟ್ಟುವುದರಿಂದ ‘ಹಾಲುಹಲ್ಲು ತಾನೇ, ಬಿದ್ದೋಗುತ್ತೆ ಬಿಡಿ’ ಅಂತಾರೆ. ಬೀಳಲ್ಲ. ಮುಂದಿನ ನಡುಗೆರೆಯಿಂದ ಒಂದು ಬದಿಗೆ ಎಣಿಸಿ: ಹಾಲುಹಲ್ಲು ಐದೇ, ಆರನೆಯದು ಶಾಶ್ವತ.

ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ, ಹಾಗಾಗಿ ಮಗು ಆ ಮೂಲೆಗೆ ಬ್ರಷ್ ಒಯ್ಯಲ್ಲ. ನಾವು ಸೋಮಾರಿ ಅಂತ ಗದರುತ್ತೇವೆ, ಅಷ್ಟರಲ್ಲಿ ಹುಳುಕು ಹಿಡಿದಿರುತ್ತದೆ. ಕಚ್ಚುವ ಒತ್ತಡಕ್ಕೆ ಎನಾಮಲ್ ಸೀಮೆಸುಣ್ಣದ ಹಾಗೆ ಉದುರುತ್ತದೆ. ಮರಗಟ್ಟಿಸುವ ಇಂಜೆಕ್ಷನ್ನೂ ಇಂಥ ಹಲ್ಲಿಗೆ ಸರಿಯಾಗಿ ಹಿಡಿಯದೆ ಹೋಗಬಹುದು. ಮಗು ಹಟ ಮಾಡುತ್ತಿಲ್ಲ, ನಿಜಕ್ಕೂ ನೋಯುತ್ತಿರುತ್ತದೆ.

ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿಸಿ. ಕನಿಷ್ಠ 1000 ಪಿಪಿಎಂ ಫ್ಲೋರೈಡ್ ಪೇಸ್ಟ್ ಇರಲಿ: ಮೂರು ವರ್ಷದೊಳಗೆ ಅಕ್ಕಿಕಾಳಷ್ಟು, ಆರರವರೆಗೆ ಬಟಾಣಿಯಷ್ಟು. ಉಗುಳಿದ ಮೇಲೆ ಬಾಯಿ ಮುಕ್ಕಳಿಸುವುದು ಬೇಡ. ಕ್ಲಿನಿಕ್‌ನಲ್ಲಿ 3ರಿಂದ 6 ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್ ಬಳಿಸಬಹುದು. ಅಂಚು ಉದುರತೊಡಗಿದ್ದರೆ ಡೆಂಟಿಸ್ಟ್ ಹಲ್ಲಿನ ಸಿಮೆಂಟ್ ತುಂಬುತ್ತಾರೆ, ಕೊನೆಗೆ ಸ್ಟೀಲ್ ಕ್ಯಾಪ್ ಹಾಕುತ್ತಾರೆ.

ನೀರಿನ ಮೇಲೆ ಇನ್ನೂ ಅನುಮಾನವೇ? ಪರೀಕ್ಷೆಗೆ ಕೊಡಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಆರ್‌ಓ ಬಹುಪಾಲು ತೆಗೆಯುತ್ತದೆ.

ಹಲ್ಲು ಉಳಿಸಲಾಗದಷ್ಟು ಕೆಟ್ಟಿದ್ದರೆ ಕೀಳಿಸುವುದಕ್ಕೂ ಹೊತ್ತುಂಟು. ಸುಮಾರು 8ರಿಂದ 10 ವರ್ಷದಲ್ಲಾದರೆ ಹಿಂದಿನ ದವಡೆ ಹಲ್ಲು ಮುಂದೆ ಸರಿದು ಜಾಗ ತುಂಬುವ ಸಾಧ್ಯತೆ ಹೆಚ್ಚು. ತಡವಾದರೆ ಅದು ಓರೆಯಾಗಿ ವಾಲುತ್ತದೆ. ಕೀಳಿಸುವ ಮೊದಲು ಇಡೀ ದವಡೆಯ ಎಕ್ಸ್‌ರೇ ತೆಗೆಸಿ, ಕ್ಲಿಪ್ ಹಾಕುವ ಡಾಕ್ಟರಿಗೂ ಒಮ್ಮೆ ತೋರಿಸಿ.