ಟಾಕೋಗೆ ವೈನ್: ಮಾಂಸ ಬಿಟ್ಟು ಸಾಲ್ಸಾ ಹಿಂದೆ ಬಿದ್ದ ಕಥೆ

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇರುವವರಿಗೆ ಟಾಕೋಗೆ, ಅಂದರೆ ಹೂರಣ ಇಟ್ಟು ಮಡಚಿದ ಮೆಕ್ಸಿಕನ್ ರೊಟ್ಟಿಗೆ, ಬರ ಇಲ್ಲ. ಗಡಿ ದಾಟಿದರೆ ಟಿಹುವಾನಾ. ಇನ್ನೂ ಕೆಳಗೆ ಹೋದರೆ ಎನ್ಸೆನಾಡಾ. ಅದರ ಪಕ್ಕದಲ್ಲೇ ಮೆಕ್ಸಿಕೋದ ಹೆಸರುವಾಸಿ ವೈನ್ ಕಣಿವೆ, ವಾಯೆ ದೆ ಗ್ವಾದಲೂಪೆ. ಆದರೂ ಟಾಕೋ ಅಂದ ಕೂಡಲೇ ಎಲ್ಲರ ಕೈ ಬಿಯರ್ ಕಡೆಗೇ ಹೋಗುತ್ತದೆ. ಇದರಲ್ಲಿ ಸ್ವಲ್ಪ ಇತಿಹಾಸದ ಪಾಲೂ ಇದೆ. 1699ರಲ್ಲಿ ಸ್ಪೇನ್ ದೊರೆ ಮೆಕ್ಸಿಕೋದಲ್ಲಿ ವೈನ್ ಮಾಡುವುದನ್ನೇ ನಿಷೇಧಿಸಿದ, ಚರ್ಚಿನ ಪೂಜೆಗೆ ಬೇಕಾದಷ್ಟನ್ನು ಬಿಟ್ಟು. ಅಮೆರಿಕ ಖಂಡಗಳ ಅತ್ಯಂತ ಹಳೆಯ ವೈನರಿ ಅನಿಸಿಕೊಂಡ ಕಾಸಾ ಮಾದೆರೋ ಅಲ್ಲಿ 1597ರಿಂದ ಇದ್ದರೂ ಜನಸಾಮಾನ್ಯರ ಊಟದಲ್ಲಿ ವೈನ್ ಬೇರೂರಲಿಲ್ಲ. ಇಷ್ಟು ಹತ್ತಿರ ದ್ರಾಕ್ಷಿ ತೋಟ ಇಟ್ಟುಕೊಂಡು ಒಂದು ಕೈ ನೋಡೋಣ ಅಂತ ಹಿಡಿದ ಹವ್ಯಾಸ ಇದು. ಸದ್ಯ ಎಲ್ಲಿಗೆ ಬಂದಿದೆ ಅಂತ ಬರೆದಿಡುತ್ತಿದ್ದೇನೆ.

ಪದ್ಧತಿ ಸರಳ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ರುಬ್ಬಿದ ಹಿಟ್ಟಿನ ಟೋರ್ಟಿಯಾ (ತೆಳ್ಳಗಿನ ರೊಟ್ಟಿ) ಮಾತ್ರ, ಮೈದಾದ್ದು ಬೇಡ. ಟಾಕೋವನ್ನು ಮೊದಲು ಬರೀ ಹೂರಣದ ಜೊತೆ ತಿನ್ನುವುದು, ಆಮೇಲೆ ಸಾಲ್ಸಾ, ಅಂದರೆ ಮೆಕ್ಸಿಕನ್ ಚಟ್ನಿ, ಹಾಕಿ, ಕೊನೆಗೆ ನಿಂಬೆ ಹಿಂಡಿ. ಪ್ರತಿ ಸಲವೂ ವೈನ್ ಒಂದು ಗುಟುಕು. ಬಾಟಲಿ 20 ಡಾಲರ್ ದಾಟಬಾರದು. ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡುವುದು. ಹೆಂಡತಿ ಸಸ್ಯಾಹಾರಿ, ಹಾಗಾಗಿ ಅವಳ ಟಾಕೋಗಳಿಗೂ ಪಟ್ಟಿಯಲ್ಲಿ ಜಾಗ ಇದೆ.

ಕಾರ್ನೆ ಅಸಾದಾ

ವೈನ್ ಅಂಗಡಿಯ ಮಾಮೂಲಿ ಸಲಹೆ ಗೊತ್ತಲ್ವಾ: ದನದ ಮಾಂಸಕ್ಕೆ ಗಾಢ ಕೆಂಪು ವೈನ್ ಕ್ಯಾಬರ್ನೆ, ಹಂದಿಗೆ ಹಗುರ ಕೆಂಪಿನ ಪಿನೋ ನ್ವಾರ್, ಮೀನಿಗೆ ಬಿಳಿ. ಕೆಂಡದ ಮೇಲೆ ಸುಟ್ಟ ದನದ ಮಾಂಸ, ಉಪ್ಪು, ಟೋರ್ಟಿಯಾ, ಇಷ್ಟೇ ಇದ್ದಾಗ ಕ್ಯಾಬರ್ನೆ ಚೆನ್ನಾಗಿಯೇ ಇತ್ತು. ಆಮೇಲೆ ಆರ್ಬೋಲ್ ಮೆಣಸಿನ ಕೆಂಪು ಸಾಲ್ಸಾ ಒಂದು ಚಮಚ ಬಿತ್ತು. ಅದೇ ವೈನ್, ಅದೇ ಗ್ಲಾಸ್. ಹಣ್ಣಿನ ರುಚಿ ಪೂರ್ತಿ ಮಾಯ. ಒಗರು ಒಸಡಿಗೆ ಹಿಡಿಯಿತು, ಗಂಟಲು ಉರಿ ಹತ್ತಿತು.

ಕಾರಣ ಇದೆ. ಮೆಣಸಿನ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ತಟ್ಟುವುದು ಬಿಸಿಯನ್ನು ಗುರುತಿಸುವ ಗ್ರಾಹಕಕ್ಕೆ. ಅದನ್ನು ಕಂಡುಹಿಡಿದದ್ದು ಇದೇ ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್, 2021ರ ನೊಬೆಲ್ ಹಂಚಿಕೊಂಡವರು. ಆಲ್ಕೋಹಾಲ್ ಅದೇ ಗ್ರಾಹಕವನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಅಂದರೆ 14.5% ಆಲ್ಕೋಹಾಲ್ ಇರುವ ಕ್ಯಾಬರ್ನೆ, 15% ಇರುವ ಕೆಂಪು ವೈನ್ ಝಿನ್‌ಫಂಡೆಲ್ ಖಾರವನ್ನು ಆರಿಸುವುದಿಲ್ಲ, ಎತ್ತಿಕೊಡುತ್ತವೆ. ಟಾಕೋಗೆ ಝಿನ್‌ಫಂಡೆಲ್ ಅಂತ ಇಲ್ಲಿ ಎಷ್ಟು ಕಡೆ ಬರೆಯುತ್ತಾರೋ! ಖಾರ ಇಲ್ಲದ ಟಾಕೋ ತಿನ್ನುವವರ ಸಲಹೆ ಇರಬೇಕು.

ಆವತ್ತಿನಿಂದ ನನ್ನ ನೋಟ್‌ಬುಕ್‌ನ ಮೊದಲ ಕಾಲಂ ಸಾಲ್ಸಾ. ಮಾಂಸ ಮೂರನೆಯದು. ನಡುವೆ ನಿಂಬೆ.

ಅಲ್ ಪಾಸ್ತೋರ್

ನನಗೆ ಅತಿ ಇಷ್ಟವಾದದ್ದು, ಅತಿ ಜಾಸ್ತಿ ತಲೆ ತಿಂದದ್ದೂ ಇದೇ. ಲೆಬನಾನ್‌ನಿಂದ ಬಂದವರು ತಂದ ಶವರ್ಮಾ ಕಂಬಿಗೆ ಮೆಕ್ಸಿಕೋದವರು ಹಂದಿ ಮಾಂಸ ಏರಿಸಿದರು. ಅದಕ್ಕೆ ಗ್ವಾಹೀಯೋ ಮೆಣಸು, ಅಚಿಯೋತೆ (ಕೆಂಪು ಬಣ್ಣ ಕೊಡುವ ಬೀಜ), ವಿನೆಗರ್ ಸೇರಿಸಿ ರುಬ್ಬಿದ ಕೆಂಪು ಮಸಾಲೆ. ಮೆಕ್ಸಿಕೋ ಸಿಟಿ ಶೈಲಿಯಲ್ಲಾದರೆ ಕಂಬಿಯ ತುದಿಯಲ್ಲಿ ಅನಾನಸ್. ಟಾಕೇರೋ, ಅಂದರೆ ಟಾಕೋ ಮಾಡುವವ, ಎಡಗೈಯಲ್ಲಿ ಟೋರ್ಟಿಯಾ ಹಿಡಿದು, ಬಲಗೈಯಲ್ಲಿ ಮಾಂಸ ಹೆರೆದು, ಅದೇ ಚಾಕುವಿನ ತುದಿಯಿಂದ ಅನಾನಸ್ ಚೂರನ್ನು ಮೇಲಿಂದ ಹಾರಿಸಿ ಟೋರ್ಟಿಯಾದಲ್ಲಿ ಹಿಡಿಯುತ್ತಾನೆ. ಗಡಿಯ ಆಚೆ ಟಿಹುವಾನಾದಲ್ಲಿ ಇದರ ತಮ್ಮ ಅದೊಬಾದಾ. ಅದರಲ್ಲಿ ಸಾಮಾನ್ಯವಾಗಿ ಅನಾನಸ್ ಇರುವುದಿಲ್ಲ, ಮೇಲೆ ಗ್ವಾಕಮೋಲೆ, ಅಂದರೆ ಬೆಣ್ಣೆ ಹಣ್ಣಿನ ಚಟ್ನಿ, ಧಾರಾಳವಾಗಿ ಬೀಳುತ್ತದೆ.

ಮಾಂಸ ಒಂದೇ, ಮಸಾಲೆ ಹೆಚ್ಚುಕಮ್ಮಿ ಒಂದೇ. ವೈನ್ ಮಾತ್ರ ಬೇರೆ ಬೇರೆ ಬೇಕಾಯಿತು.

ಅನಾನಸ್ ಇದ್ದರೆ ಸಿಹಿ ಇಲ್ಲದ ವೈನ್ ಬರೀ ಹುಳಿ ಹುಳಿ. ಮೈಸೂರು ಪಾಕ್ ತಿಂದ ಬಾಯಿಗೆ ಕಾಫಿ ಕಹಿ ಹೊಡೆಯುವುದಿಲ್ವಾ, ಹಾಗೆ. ಇಲ್ಲಿ ಗೆದ್ದದ್ದು ಜರ್ಮನಿಯ ಮೋಸೆಲ್ ಕಣಿವೆಯ ಬಿಳಿ ವೈನ್ ರೀಸ್ಲಿಂಗ್, ಅದರಲ್ಲೂ ಹಗುರವಾದ ಕಾಬಿನೆಟ್ ದರ್ಜೆಯದು. ಆಲ್ಕೋಹಾಲ್ 8-9% ಅಷ್ಟೇ. ಸಿಹಿ ಇದೆ, ಅದನ್ನು ಎತ್ತಿ ಹಿಡಿಯುವ ಹುಳಿಯೂ ಇದೆ. ಖಾರಕ್ಕೆ ಸಿಹಿ ಸಮಾಧಾನ ಹೇಳುತ್ತದೆ, ಹಂದಿಯ ಕೊಬ್ಬನ್ನು ಹುಳಿ ತೊಳೆಯುತ್ತದೆ. ಸಿಹಿ ವೈನ್ ಅಂದರೆ ಮೂಗು ಮುರಿಯುವ ಗೆಳೆಯರೊಬ್ಬರು ಇದನ್ನು ಎರಡನೇ ಗ್ಲಾಸ್ ಕೇಳಿದರು. ಏನೂ ಹೇಳದೆ ಸುಮ್ನೆ ಬಗ್ಗಿಸಿದೆ.

ಗ್ವಾಕಮೋಲೆಯ ಅದೊಬಾದಾಗೆ ಅದೇ ರೀಸ್ಲಿಂಗ್ ಯಾಕೋ ಶರಬತ್ತು ಅನಿಸಿತು. ಅಲ್ಲಿ ಸಿಹಿ ಇಲ್ಲದ ರೋಸೇ (ಗುಲಾಬಿ ಬಣ್ಣದ ವೈನ್), ಸ್ಪೇನಿನ ಗಾರ್ನಾಚಾ ದ್ರಾಕ್ಷಿಯದು, ಚೆನ್ನಾಗಿ ಕೂತಿತು.

ಗ್ವಾಹೀಯೋ ಸಿಗದಾಗ ನಾನು ಹಾಕುವುದು ಬ್ಯಾಡಗಿ. ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಎರಡಕ್ಕೂ ಬಣ್ಣ ಜಾಸ್ತಿ, ಖಾರ ಕಮ್ಮಿ. ಮೆಣಸು ಪೋರ್ಚುಗೀಸರ ಹಡಗಲ್ಲಿ ನಮ್ಮ ಕಡೆ ಬಂದದ್ದೇ ಮೆಕ್ಸಿಕೋ ಸೀಮೆಯ ಗಿಡದಿಂದ, ಹಾಗಾಗಿ ಇದರಲ್ಲಿ ಮೈಲಿಗೆ ಏನೂ ಇಲ್ಲ. ರೀಸ್ಲಿಂಗ್ ಅಂತೂ ವ್ಯತ್ಯಾಸ ತೋರಿಸಲಿಲ್ಲ.

ಎನ್ಸೆನಾಡಾದ ಮೀನು

ಹಿಟ್ಟಲ್ಲಿ ಅದ್ದಿ ಕರಿದ ಮೀನು, ಹೆಚ್ಚಿದ ಎಲೆಕೋಸು, ಬಿಳಿ ಕ್ರೀಮು, ನಿಂಬೆ. ಇಲ್ಲಿ ಎಲ್ಲ ನಿರ್ಧಾರ ಮಾಡುವುದು ನಿಂಬೆ. ಬಿಳಿ ವೈನ್ ಶಾರ್ಡನೇ ನಿಂಬೆಗೆ ಮುಂಚೆ ಘನವಾಗಿತ್ತು, ಹಿಂಡಿದ ಮೇಲೆ ನೀರು. ವೈನಿಗಿಂತ ತಟ್ಟೆಯಲ್ಲಿ ಹುಳಿ ಜಾಸ್ತಿ ಆದರೆ ವೈನ್ ಸಪ್ಪೆಯಾಗಿಬಿಡುತ್ತದೆ. ಸ್ಪೇನಿನ ರಿಯಾಸ್ ಬೈಶಾಸ್ ಕರಾವಳಿಯ ಬಿಳಿ ವೈನ್ ಆಲ್ಬರೀನ್ಯೋ ಮಾತ್ರ ಅಲ್ಲಾಡಲಿಲ್ಲ.

ಎನ್ಸೆನಾಡಾಗೆ ಹೋದಾಗ ಗ್ವಾದಲೂಪೆ ಕಣಿವೆಯ ಬಿಳಿ ವೈನ್ ಶೆನಿನ್ ಬ್ಲಾಂಕ್ ತಂದೆವು. ವಾಪಸ್ ಬರುವಾಗ ಅಮೆರಿಕದ ಸುಂಕ ಇಲ್ಲದೆ ತರಲು ಬಿಡುವುದು ಒಬ್ಬರಿಗೆ ಒಂದು ಲೀಟರ್. ಅಂದರೆ ತಲೆಗೆ ಒಂದೇ ಬಾಟಲಿ, ಯೋಚಿಸಿ ಆರಿಸಬೇಕು. ಆ ಕಣಿವೆಯಲ್ಲಿ ಮಳೆ ಕಮ್ಮಿ, ಅಂತರ್ಜಲ ಉಪ್ಪಾಗುತ್ತಿದೆ. ಕೆಲವು ವೈನ್‌ಗಳಲ್ಲಿ ಆ ಉಪ್ಪು ನಾಲಿಗೆಗೇ ಸಿಗುತ್ತದೆ. ರೈತರಿಗೆ ಅದು ತಲೆನೋವು. ಕರಿದ ಮೀನಿಗೆ ಮಾತ್ರ ಹೇಳಿ ಮಾಡಿಸಿದ್ದು.

ಹಸಿರು ಸಾಲ್ಸಾ, ಹಸಿರು ಮೆಣಸು

ಹೆಂಡತಿಯ ಆಯ್ಕೆ ರಾಹಾಸ್: ಸುಟ್ಟು ಸಿಪ್ಪೆ ಸುಲಿದ ಪೊಬ್ಲಾನೋ ಮೆಣಸಿನಕಾಯಿ, ಈರುಳ್ಳಿ, ಕ್ರೀಮು. ಮೇಲೆ ಟೊಮಾಟಿಯೋ (ಟೊಮೇಟೊ ಥರದ ಹಸಿರು ಹುಳಿ ಕಾಯಿ), ಕೊತ್ತಂಬರಿ, ಸೆರಾನೋ ಮೆಣಸಿನ ಹಸಿರು ಸಾಲ್ಸಾ. ಇದಕ್ಕೆ ಬಿಳಿ ವೈನ್ ಸಾವಿನ್ಯೋನ್ ಬ್ಲಾಂಕ್ ಬಿಟ್ಟು ಬೇರೆ ಯೋಚನೆ ಬೇಡ. ಕ್ಯಾಪ್ಸಿಕಂ ಹೆಚ್ಚಿದಾಗ ಬರುತ್ತದಲ್ಲ ಆ ಹಸಿ ವಾಸನೆ, ಅದನ್ನು ಕೊಡುವ ಪೈರಜಿನ್ ಎಂಬ ರಾಸಾಯನಿಕಗಳು ಈ ದ್ರಾಕ್ಷಿಯಲ್ಲೂ ಇವೆ. ಪಟ್ಟಿಯಲ್ಲಿ ಇಷ್ಟು ಸಲೀಸಾಗಿ ಸಿಕ್ಕ ಜೋಡಿ ಮತ್ತೊಂದಿಲ್ಲ. ಅದೇ ಸಾಲ್ಸಾ ನೊಪಾಲೆಸ್ ಮೇಲೆ, ಅಂದರೆ ಕಳ್ಳಿಯ ಎಲೆ ಮೇಲೆ, ಹಾಕಿದರೂ ಅದೇ ವೈನ್ ನಡೆಯಿತು. ಆಲೂ ಟಾಕೋಗೂ ಅಷ್ಟೇ.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಫ್ರಿಹೋಲೆಸ್ ರೆಫ್ರಿತೋಸ್, ಅಂದರೆ ಬೇಯಿಸಿ ಹಿಸುಕಿ ಹುರಿದ ಬೀನ್ಸ್, ಎಷ್ಟೋ ಕಡೆ ಹಂದಿ ಕೊಬ್ಬಲ್ಲಿ ಮಾಡುತ್ತಾರೆ. ಮೈದಾ ಟೋರ್ಟಿಯಾದಲ್ಲೂ ಅದು ಇರಬಹುದು. ಕೇಳಿಯೇ ತಿನ್ನಿ.

ಕಾರ್ನೀತಾಸ್, ಬಿರ್ರಿಯಾ

ಹಂದಿ ಕೊಬ್ಬಲ್ಲೇ ನಿಧಾನಕ್ಕೆ ಬೆಂದ ಕಾರ್ನೀತಾಸ್‌ಗೆ ಇಟಲಿಯ ಲಂಬ್ರುಸ್ಕೋ. ತಣ್ಣಗೆ, ಕೆಂಪಗೆ, ನೊರೆ ನೊರೆ. ಅದರ ತವರು ಎಮಿಲಿಯಾ-ರೊಮಾನ್ಯಾದವರು ತಮ್ಮ ಹಂದಿ ಮಾಂಸದ ಜೊತೆ ಕುಡಿಯುವುದೂ ಇದನ್ನೇ. ಸಿಹಿ ಇಲ್ಲದ್ದನ್ನು ಕೇಳಿ ತನ್ನಿ, ಇಲ್ಲಿ ಅಗ್ಗಕ್ಕೆ ಸಿಗುವುದು ಸಾಮಾನ್ಯವಾಗಿ ಸಿಹಿಯದ್ದು.

ಬಿರ್ರಿಯಾ ಹಲಿಸ್ಕೋ ರಾಜ್ಯದ್ದು, ಅಲ್ಲಿ ಮೇಕೆ ಮಾಂಸ. ಟಿಹುವಾನಾದಲ್ಲಿ ದನದ್ದು, ಜೊತೆಗೆ ಅದ್ದಿಕೊಳ್ಳಲು ಸಾರು. ಖಾರ ಕಮ್ಮಿ, ಗಾಢ ರುಚಿ ಜಾಸ್ತಿ. ನೊರೆ ಇಲ್ಲದ ಕೆಂಪು ವೈನ್ ನಿಲ್ಲುವ ಜಾಗ ಇದೊಂದೇ. ಇಟಲಿ ಮೂಲದ ಬಾರ್ಬೆರಾ ಕುಡಿದು ನೋಡಿದೆ: ಒಗರು ಕಮ್ಮಿ, ಹುಳಿ ಜಾಸ್ತಿ. ಸದ್ಯಕ್ಕೆ ಪಾಸ್, ಇನ್ನೊಂದು ಸುತ್ತು ಬಾಕಿ.

ಬೆಂಗಳೂರಿಂದ ತಂಗಿ ಕೇಳುತ್ತಿದ್ದಳು, ಮೋಸೆಲ್ ರೀಸ್ಲಿಂಗ್ ಇಲ್ಲಿ ಸಿಕ್ಕರೂ ಜೇಬು ಖಾಲಿ, ಏನು ಮಾಡಲಿ ಅಂತ. ನಾಸಿಕ್‌ನ ಸುಲಾ ಶೆನಿನ್ ಬ್ಲಾಂಕ್ ತುಸು ಸಿಹಿ ಇರುತ್ತದೆ, ಚೆನ್ನಾಗಿ ತಣ್ಣಗೆ ಮಾಡಿ ಖಾರದ ಟಾಕೋಗೆ ಇಟ್ಟು ನೋಡು ಅಂದಿದ್ದೇನೆ. ಅವಳ ವರದಿ ಇನ್ನೂ ಬಂದಿಲ್ಲ.

ಮುಂದಿನದು ಯುಕತಾನ್‌ನ ಕೊಚಿನೀತಾ ಪಿಬೀಲ್: ಅಚಿಯೋತೆ, ಹುಳಿ ಕಿತ್ತಳೆ ರಸ, ಬಾಳೆ ಎಲೆಯಲ್ಲಿ ಬೆಂದ ಹಂದಿ, ಮೇಲೆ ಉಪ್ಪಿನಕಾಯಿ ಥರದ ಕೆಂಪು ಈರುಳ್ಳಿ, ಪಕ್ಕದಲ್ಲಿ ಭಾರಿ ಖಾರದ ಹಬನೇರೋ ಮೆಣಸು. ಬಾಳೆ ಎಲೆ ತಂದಾಗಿದೆ. ಹಬನೇರೋ ಎದುರು ರೀಸ್ಲಿಂಗ್ ನಿಲ್ಲುತ್ತದೆ ಅಂತ ನನ್ನ ಲೆಕ್ಕ, ರೋಸೇ ಅಂತ ಹೆಂಡತಿಯದು. ಎರಡೂ ಬಾಟಲಿ ಫ್ರಿಜ್‌ನಲ್ಲಿವೆ.