ಮೆಮ್‌ಕಾಪಿ ಕಂಡಲ್ಲಿ ನಾನು ಮೊದಲು ನೋಡುವುದು

ವಿದ್ಯುತ್ ಮೀಟರುಗಳಿಂದ ಸೀರಿಯಲ್ ತಂತಿಯಲ್ಲಿ ಬರುವ ದತ್ತಾಂಶವನ್ನು ಓದುವ ಪುಟ್ಟ ಸಾಧನಗಳಿಗೆ ಸಿ ಭಾಷೆಯಲ್ಲಿ ಕೋಡ್ ಬರೆಯುವುದು ನನ್ನ ಕೆಲಸ. ಬಂದ ಬೈಟುಗಳು ಒಂದು ಬಫರಿನಲ್ಲಿ, ಅಂದರೆ ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ, ಸೇರುತ್ತವೆ. ಒಂದು ಪ್ಯಾಕೆಟ್ ಓದಿ ಮುಗಿದ ಮೇಲೆ ಉಳಿದ ಬೈಟುಗಳನ್ನು ಬಫರಿನ ಆರಂಭಕ್ಕೆ ಸರಿಸಬೇಕು. ನಮ್ಮ ಹಳೆಯ ಕೋಡಿನಲ್ಲಿ ಇದಕ್ಕೆ, ಒಂದು ಜಾಗದ ಬೈಟುಗಳನ್ನು ಇನ್ನೊಂದು ಜಾಗಕ್ಕೆ ನಕಲಿಸುವ ಸಿ ಲೈಬ್ರರಿಯ ಫಂಕ್ಷನ್ ಆದ ಮೆಮ್‌ಕಾಪಿ ಬಳಸಿದ್ದರು. ವರ್ಷಗಟ್ಟಲೆ ಯಾವ ತಕರಾರೂ ಇರಲಿಲ್ಲ. ಕಂಪೈಲರನ್ನೂ ಸಿ ಲೈಬ್ರರಿಯನ್ನೂ ಹೊಸ ಆವೃತ್ತಿಗೆ ಬದಲಿಸಿದ ಮೇಲೆ, ದತ್ತಾಂಶ ಕೆಟ್ಟಿಲ್ಲವೆಂದು ತಾಳೆ ನೋಡುವ ಚೆಕ್‌ಸಮ್ ತಪ್ಪತೊಡಗಿತು, ಅದೂ ಮೀಟರುಗಳು ಬೆನ್ನುಬೆನ್ನಿಗೆ ಉತ್ತರಿಸುವಾಗ ಮಾತ್ರ. ಎಲ್ಲರೂ ಹೊಸ ಲೈಬ್ರರಿಯನ್ನೇ ದೂರಿದರು.

ಲೆಕ್ಕ ಹಾಕಿ ನೋಡೋಣ. ಪ್ಯಾಕೆಟ್ 64 ಬೈಟು, ಅದರ ಹಿಂದೆ ಉಳಿದಿರುವುದು 100 ಬೈಟು ಎಂದುಕೊಳ್ಳಿ. 64ರಿಂದ 163ರವರೆಗಿನ ಬೈಟುಗಳು 0ಯಿಂದ 99ರವರೆಗಿನ ಜಾಗಕ್ಕೆ ಬರಬೇಕು. 64ರಿಂದ 99ರವರೆಗಿನ ಭಾಗ ಎರಡೂ ಕಡೆಗೆ ಸೇರಿದೆ. ಮೊದಲಿನಿಂದ ನಕಲಿಸುತ್ತ ಹೋದರೆ ತೊಂದರೆಯಿಲ್ಲ. ಕೊನೆಯಿಂದ ಶುರುಮಾಡಿದರೆ ಆ 36 ಬೈಟುಗಳನ್ನು ಓದುವ ಮೊದಲೇ ಅವುಗಳ ಮೇಲೆ ಬೇರೆಯದನ್ನು ಬರೆದಾಗಿರುತ್ತದೆ. ಮುಂದಿನ ಪ್ಯಾಕೆಟ್ಟಿನ ತಲೆಯೇ ಕೆಡುತ್ತದೆ. ಉಳಿದದ್ದು 64 ಬೈಟು ಮೀರದಿದ್ದರೆ ಹೀಗೆ ಒಂದರ ಮೇಲೊಂದು ಬರುವ ಅತಿಕ್ರಮಣವೇ ಇಲ್ಲ. ಮೇಜಿನ ಮೇಲೆ ಒಂದೊಂದೇ ಪ್ಯಾಕೆಟ್ ಕಳಿಸಿ ಪರೀಕ್ಷಿಸಿದವರಿಗೆ ದೋಷ ಕಾಣದಿದ್ದದ್ದು ಅದಕ್ಕೇ.

ಯಾವ ದಿಕ್ಕಿನಿಂದ ನಕಲಿಸುತ್ತೇನೆಂದು ಮೆಮ್‌ಕಾಪಿ ಎಲ್ಲೂ ಮಾತು ಕೊಟ್ಟಿಲ್ಲ. ಎರಡು ಜಾಗಗಳು ಒಂದರ ಮೇಲೊಂದು ಬಂದರೆ ಫಲಿತಾಂಶಕ್ಕೆ ಹೊಣೆಯಿಲ್ಲ ಎಂದೇ ಸಿ ಮಾನಕ ಹೇಳುತ್ತದೆ. 2010ರಲ್ಲಿ ಫೆಡೋರಾ 14 ಎಂಬ ಲಿನಕ್ಸ್ ಆವೃತ್ತಿಯಲ್ಲಿ ಆದದ್ದೂ ಇದೇ: ಅದರ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಹೊಸ ಮೆಮ್‌ಕಾಪಿ ಕೆಲವು ಪ್ರೊಸೆಸರುಗಳಲ್ಲಿ ವೇಗಕ್ಕಾಗಿ ಹಿಂದಿನಿಂದ ನಕಲಿಸತೊಡಗಿತು, ಬ್ರೌಸರಿನಲ್ಲಿ ವೀಡಿಯೊ ತೋರಿಸುತ್ತಿದ್ದ ಅಡೋಬಿ ಫ್ಲ್ಯಾಶ್‌ನ ಧ್ವನಿ ಕೆಟ್ಟಿತು. ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಬಳಕೆದಾರರ ಪರ ನಿಂತು ವಾದಿಸಿದರು. 2011ರ ಜಿಲಿಬ್‌ಸಿ 2.14 ಹಳೆಯ ಪ್ರೋಗ್ರಾಮುಗಳಿಗೆ ಹಳೆಯ ನಡವಳಿಕೆಯನ್ನೇ ಉಳಿಸಿಕೊಟ್ಟಿತು. ಬಳಕೆದಾರನ ದೃಷ್ಟಿಯಿಂದ ಅದು ಸರಿ. ಆದರೆ ಕೋಡ್ ಬರೆಯುವವರು ಆ ದಯೆಯನ್ನು ನೆಚ್ಚಿಕೊಳ್ಳಬಾರದು, ಸಣ್ಣ ಸಾಧನಗಳ ಲೈಬ್ರರಿಗಳಲ್ಲಿ ಅಂಥ ಏರ್ಪಾಡು ಇರುವುದಿಲ್ಲ.

ನಾವು ನಮ್ಮ ಕೋಡಿನ ಆ ಸಾಲಿನಲ್ಲಿ ಅದರ ಬದಲು ಮೆಮ್‌ಮೂವ್ ಹಾಕಿದೆವು. 1989ರ ಮಾನಕದಿಂದಲೂ ಅದು, ಜಾಗಗಳು ಒಂದರ ಮೇಲೊಂದು ಬಂದರೂ ಕೆಡದಂತೆ, ಇಂಥ ಸರಿಸುವಿಕೆಗೆಂದೇ ಇದೆ. ವೇಗದ ಅಂತರ ನಮ್ಮ ಕೆಲಸದಲ್ಲಿ ಗಮನಕ್ಕೇ ಬರಲಿಲ್ಲ. ಮೆಮೊರಿಯ ದೋಷ ಹುಡುಕುವ ಟೂಲುಗಳಾದ ವಾಲ್‌ಗ್ರಿಂಡ್, ಅಡ್ರೆಸ್ ಸ್ಯಾನಿಟೈಜರ್ ಎರಡೂ ಇಂಥ ಅತಿಕ್ರಮಣವನ್ನು ಹಿಡಿಯುತ್ತವೆ, ಆದರೆ ಪರೀಕ್ಷೆಯಲ್ಲಿ ಅದು ನಡೆದರೆ ಮಾತ್ರ. ಹಾಗಾಗಿ ಈಗ ನಮ್ಮ ಪರೀಕ್ಷೆ ಬಫರಿಗೆ ಒಮ್ಮೆಗೇ ಮೂರು ಪ್ಯಾಕೆಟ್ ತುಂಬುತ್ತದೆ, ಕೊನೆಯದನ್ನು ಅರ್ಧಕ್ಕೇ ಕತ್ತರಿಸಿ.